ಸಿಸ್ಟರ್ ಪಾಲಿನ ಚಾ

ನಮ್ಮ ಊರಲ್ಲಿ ಮನೆಗೆ ಬಂದವರು ಚಾ ಕುಡಿಯದೆ ಎದ್ದು ಹೋದರೆ ಎರಡೇ ಅರ್ಥ. ಒಂದೋ ಆ ಮನೆಯಲ್ಲಿ ಸಾವಾಗಿದೆ, ಇಲ್ಲವೋ ಬಂದವರಿಗೂ ಮನೆಯವರಿಗೂ ಮಾತು ನಿಂತಿದೆ. ಮೂರನೆಯ ಅರ್ಥವೊಂದನ್ನು ಹುಟ್ಟಿಸಲು ಹೋಗಿದ್ದು ನಾನು. ಹೋದ ವರ್ಷ ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿನಲ್ಲಿ, ಜಾಸ್ಮಿನ್ ಸಿಸ್ಟರ್ ಅವರಿಗಾಗಿ.

ನಾನು ಶಶಿರೇಖಾ, ಈ ಊರಿನ ಆಶಾ ಕಾರ್ಯಕರ್ತೆ. ಊರು ತೊಗರ್ಸಿಯ ಆಚೆ, ಮುನ್ನೂರು ಮನೆ, ಒಂದು ಕೆರೆ, ಕೆರೆಯ ಏರಿಯ ಪಕ್ಕದಲ್ಲಿ ಎರಡು ಕೋಣೆಯ ಆರೋಗ್ಯ ಉಪಕೇಂದ್ರ. ಜಾಸ್ಮಿನ್ ಸಿಸ್ಟರ್ ಆ ಉಪಕೇಂದ್ರದ ನರ್ಸು. ಇಪ್ಪತ್ತೊಂದು ವರ್ಷದಿಂದ ಶಿಕಾರಿಪುರದ ಪೇಟೆಯಿಂದ ದಿನಾ ಬಂದು ಹೋಗುತ್ತಾರೆ, ಮೊದಲು ಬಸ್ಸಿನಲ್ಲಿ, ಈಗ ಸ್ಕೂಟಿಯಲ್ಲಿ. ಅವರ ಅಪ್ಪ ಅಜಮತ್ ಉಲ್ಲಾ ಸಾಬರು ತಗಡಿನ ಟ್ರಂಕು ಮಾಡುವವರು. ನಾನು ಮದುವೆಯಾಗಿ ಬಂದಾಗ ತಂದ ಟ್ರಂಕು ಕೂಡ ಅವರ ಅಂಗಡಿಯದೇ.

ಹದಿನಾಲ್ಕು ವರ್ಷದ ಹಿಂದೆ ನಾನು ಈ ಕೆಲಸಕ್ಕೆ ಸೇರಿದಾಗ ನಮ್ಮತ್ತೆಯ ಎದುರಿಗೆ ಬಾಯಿ ತೆರೆಯಲು ನನಗೆ ಧೈರ್ಯವಿರಲಿಲ್ಲ. ಊರ ಗಂಡಸರ ಎದುರಿಗೆ ಕುಟುಂಬ ಯೋಜನೆಯ ಮಾತಾಡುವುದು ದೂರವೇ ಉಳಿಯಿತು. ಸಿಸ್ಟರ್ ನನ್ನ ಮೊಣಕೈ ಹಿಡಿದುಕೊಂಡು ಮನೆಮನೆ ಸುತ್ತಿಸಿದರು. "ನೀನು ಸುಮ್ನೆ ನನ್ನ ಪಕ್ಕ ನಿಲ್ಲು, ಮಾತು ತಾನೇ ಬರ್ತೈತೆ" ಎಂದರು. ಬಂತು. ಈಗ ನಿಲ್ಲಿಸುವುದೇ ಕಷ್ಟ ಎಂದು ನನ್ನ ಗಂಡ ಹೇಳುತ್ತಾರೆ. ನನಗೆ ಇಬ್ಬರು ತಾಯಂದಿರು ಎಂದು ನಾನು ಯಾರ ಎದುರಿಗೂ ಹೇಳಬಲ್ಲೆ, ಎರಡನೆಯವರು ಈ ಸಿಸ್ಟರ್.

ಸಿಸ್ಟರ್ ದಪ್ಪ. ಮುಚ್ಚಿಡುವುದೇನೂ ಇಲ್ಲ, ಊರಿಗೆಲ್ಲ ಗೊತ್ತು. ನಲವತ್ತೊಂಬತ್ತು ವಯಸ್ಸು, ಎಂಬತ್ತೆಂಟು ಕೆಜಿ. ನಾನು ಅವರ ಅರ್ಧಕ್ಕಿಂತ ಒಂದಿಷ್ಟು ಜಾಸ್ತಿ. ನಾವಿಬ್ಬರೂ ಸ್ಕೂಟಿಯಲ್ಲಿ ಹೊರಟರೆ ಮೆಕ್ಕೆಜೋಳ ಒಣಗಿಸುತ್ತ ಕೂತ ಆನಂದಪ್ಪಣ್ಣ ತಪ್ಪದೆ ಒಂದು ಮಾತು ಆಡುತ್ತಿದ್ದರು. ಅವರಿಗೆ ಬಿಪಿ ಇದೆ. ಉಪ್ಪು ಬಿಡಿ, ತೂಕ ಇಳಿಸಿ, ದಿನಾ ನಡೆಯಿರಿ ಎಂದು ಸಿಸ್ಟರ್ ಎಂಟು ವರ್ಷದಿಂದ ಅವರ ಬೆನ್ನು ಬಿದ್ದಿದ್ದರು.

"ನನಗೇನೋ ಹೇಳ್ತೀರಿ ಸಿಸ್ಟರ್, ನಿಮ್ಮ ಸ್ಕೂಟಿ ಏನಂತೈತೆ, ಒಂದಿನನಾರ ಕೇಳಿದೀರಾ?"

"ಅದು ನಿಮ್ಮಂಗೆ ಮಾತಾಡಲ್ಲ ಆನಂದಪ್ಪಾರೆ, ಸುಮ್ನೆ ಕೆಲಸ ಮಾಡ್ತೈತೆ" ಎಂದು ಸಿಸ್ಟರ್ ನಗುತ್ತಿದ್ದರು. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ ಎಂದು ಹಿಂದಿನಿಂದ ಅನ್ನುವವರೂ ಇದ್ದರು. ನನಗೆ ಸಿಟ್ಟು ಬರುತ್ತಿತ್ತು. ಸಿಸ್ಟರ್ ದಪ್ಪವಾದದ್ದು ಯಾರಿಂದ? ಈ ಊರಿಂದಲೇ. ಒಂದು ದಿನಕ್ಕೆ ಹದಿನೈದು ಮನೆ ಭೇಟಿ. ಒಂದೊಂದು ಮನೆಯಲ್ಲೂ ಎಮ್ಮೆ ಹಾಲಿನ, ಬೆರಳಿಗೆ ಅಂಟುವಷ್ಟು ಸಕ್ಕರೆ ಸುರಿದ ಚಾ. ಜೊತೆಗೆ ಚಕ್ಕುಲಿಯೋ ಒಗ್ಗರಣೆ ಮಂಡಕ್ಕಿಯೋ. ಬೇಡ ಅಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಒಂದು ಮನೆಯಲ್ಲಿ ಕುಡಿದು ಇನ್ನೊಂದು ಮನೆಯಲ್ಲಿ ಬಿಟ್ಟರೆ ಮುಗಿಯಿತು, "ಅವರ ಮನೇಲಾದ್ರೆ ಕುಡೀತಾರೆ" ಎಂಬ ಮಾತು ಸಂಜೆಯೊಳಗೆ ಊರು ಸುತ್ತುತ್ತದೆ. ಅದಕ್ಕೇ ಸಿಸ್ಟರ್ ಇಪ್ಪತ್ತೊಂದು ವರ್ಷ ಎಲ್ಲರ ಮನೆಯಲ್ಲೂ ಕುಡಿದರು. ಜೊತೆಯಲ್ಲಿ ನಾನೂ ಕುಡಿದೆ. ನನಗೇನೂ ಆಗಲಿಲ್ಲ, ನನ್ನದು ನಮ್ಮಪ್ಪನ ಮೈಕಟ್ಟು, ಎಷ್ಟು ತಿಂದರೂ ಹತ್ತುವುದಿಲ್ಲ ಎಂದು ಹೆಮ್ಮೆಪಡುತ್ತಿದ್ದೆ.

ಜನವರಿ ಕೊನೆಗೆ ಒಂದು ಸುತ್ತೋಲೆ ಬಂತು. ಊರೂರು ಸುತ್ತುವ ಆರೋಗ್ಯ ಸಿಬ್ಬಂದಿ ಮೊದಲು ತಾವು ಗಟ್ಟಿಮುಟ್ಟಾಗಿರಬೇಕು, ಜನಕ್ಕೆ ಮಾದರಿಯಾಗಬೇಕು. ಮೇ ತಿಂಗಳಲ್ಲಿ ಸೊರಬದಲ್ಲಿ, ಶಿಕಾರಿಪುರ ಸೊರಬ ಎರಡೂ ತಾಲ್ಲೂಕಿನವರಿಗೆ ಪರೀಕ್ಷೆ. ಬಿಪಿ ನೂರನಲವತ್ತರ ಕೆಳಗೆ ಇರಬೇಕು. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಎರಡು ಕಿಲೋಮೀಟರನ್ನು ಇಪ್ಪತ್ತೈದು ನಿಮಿಷದೊಳಗೆ ನಡೆಯಬೇಕು. ಆಗದವರನ್ನು ಊರಿನ ಕೆಲಸದಿಂದ ತೆಗೆದು ಸೊರಬದ ಕಂಪ್ಯೂಟರ್ ಕೋಣೆಗೆ, ಊರೂರಿನ ಪಟ್ಟಿ ಟೈಪು ಮಾಡಲು ಹಾಕುತ್ತಾರೆ.

ಸಿಸ್ಟರ್ ಆ ಕಾಗದವನ್ನು ಎರಡು ಸಲ ಓದಿ ಮಡಚಿ ಮೇಜಿನ ಮೇಲಿಟ್ಟರು. ಸಂಬಳ ಅಷ್ಟೇ ಇರುತ್ತದೆ, ಫ್ಯಾನಿನ ಕೆಳಗೆ ಕೆಲಸ, ಬಿಸಿಲಿಲ್ಲ ಮಳೆಯಿಲ್ಲ ಎಂದು ನಾನು ಸಮಾಧಾನಕ್ಕೆ ಏನೋ ಹೇಳಿದೆ.

"ಆ ಕೋಣೆಲಿ ಕೂತು ನಾನು ಯಾರ ಹೆಸರು ಬಡೀಲಿ ಶಶಿ? ಮುಖ ಗೊತ್ತಿಲ್ದ ಹೆಸರು" ಎಂದರು. "ಇಲ್ಲಿ ಯಾವ ಮನೆ ಬಾಗಿಲಿಗೆ ತಲೆ ಬಗ್ಗಿಸ್ಬೇಕು ಅಂತ ಕಣ್ಣು ಮುಚ್ಚಿದ್ರೂ ಗೊತ್ತಾಗ್ತೈತೆ ನನಗೆ. ನನ್ನ ಕೈಲಿ ಸೂಜಿ ಚುಚ್ಚಿಸ್ಕೊಂಡ ಕೂಸು ಈಗ ತನ್ನ ಕೂಸು ಎತ್ಕೊಂಡು ಬರ್ತೈತೆ."

ಕಣ್ಣೊರೆಸಿಕೊಳ್ಳಲು ಎದ್ದು ಒಳಕೋಣೆಗೆ ಹೋದರು. ನನಗೆ ಅವರಿಗಿಂತ ಹೆಚ್ಚು ದಿಗಿಲಾಯಿತು. ಸಿಸ್ಟರ್ ಇಲ್ಲದ ಊರಲ್ಲಿ ನಾನು ಯಾರ ಪಕ್ಕ ನಿಲ್ಲಲಿ?

ಆ ಸಂಜೆಯೇ ನಾನು ಒಂದು ತೀರ್ಮಾನ ಮಾಡಿದೆ. ಸಿಸ್ಟರ್ ಬರುವ ಮೊದಲು ನಾನೇ ಮನೆಮನೆಗೆ ಹೋಗಿ, ಪರೀಕ್ಷೆ ಮುಗಿಯುವವರೆಗೆ ಸಿಸ್ಟರಿಗೆ ಯಾರೂ ಚಾ ಕೊಡಬಾರದು ಎಂದು ಹೇಳಿಬರುವುದು. ಮೊದಲು ಹೋಗಿದ್ದು ಶೇಷಮ್ಮಜ್ಜಿಯ ಮನೆಗೆ. ಎಪ್ಪತ್ತಾರು ವರ್ಷದ ಅಜ್ಜಿ, ಕೇರಿಯ ಹೆಂಗಸರಿಗೆಲ್ಲ ಅವರ ಮಾತೇ ಕಟ್ಟಳೆ. ಅವರು ಒಪ್ಪಿದರೆ ಉಳಿದವರು ತಾವೇ ಒಪ್ಪುತ್ತಾರೆ ಎಂದು ನನ್ನ ಲೆಕ್ಕ.

ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎಲೆ ಅಡಿಕೆಯನ್ನು ಬಾಯಿಯ ಒಂದು ಮಗ್ಗುಲಿಗೆ ದೂಡಿದರು.

"ನಮ್ಮನೇಲಿ ಯಾರು ಸತ್ತಾರೆ?"

"ಯಾರೂ ಇಲ್ಲ ಅಜ್ಜಿ."

"ಆಯಮ್ಮಂಗೂ ನನಗೂ ಏನಾರ ಜಗಳಾಗೈತಾ?"

"ಅದೂ ಇಲ್ಲ."

"ಮತ್ತೆ ಬಂದವಳನ್ನ ಬರೀ ಬಾಯಲ್ಲಿ ಹೆಂಗೆ ಕಳಿಸ್ಲಿ? ನಿನ್ನ ಸರಕಾರ ಕಾಗದ ಕಳಿಸ್ತು ಅಂತ ನಮ್ಮನೆ ಒಲೆ ಮರ್ಯಾದೆ ಬಿಡಾಕಾಗ್ತೈತಾ?"

ಸಿಸ್ಟರನ್ನು ಸೊರಬಕ್ಕೆ ಎತ್ತಿಹಾಕುತ್ತಾರೆ ಎಂದು ನಾನು ಮತ್ತೆ ಬಿಡಿಸಿ ಹೇಳಿದೆ. ಅಜ್ಜಿಯ ಮುಖ ಇಳಿಯಿತು. ನಂತರ ಅವರೇ ದಾರಿ ತೋರಿಸಿದರು. ಅವರ ಮಗ ದೇವರಿಗೆ ಹರಕೆ ಹೊತ್ತು ಒಂಬತ್ತು ದಿನ ಉಪವಾಸವಿದ್ದಾಗ ಅವನ ಪಾಲಿನ ಎಲೆ ಹಾಕಿ ಬಡಿಸಿದ್ದನ್ನು ಅವನ ಜೊತೆಯವನೊಬ್ಬ ಉಣ್ಣುತ್ತಿದ್ದನಂತೆ. ಬಡಿಸಿದ್ದು ಬಡಿಸಿದಂತೆಯೂ ಆಯಿತು, ವ್ರತ ವ್ರತದಂತೆಯೂ ಉಳಿಯಿತು.

"ಆಯಮ್ಮನ ಲೋಟ ನಾನು ಇಡೋದೇ. ಅದನ್ನ ನೀನು ಕುಡಿ. ನೀನು ಹೆಂಗೂ ಒಣಗಿದ ಕಡ್ಡಿ, ನಿನಗೇನಾಗ್ತೈತೆ?"

ಇದು ನನಗೆ ಬಹಳ ಚೆನ್ನಾಗಿ ಕಂಡಿತು. ನಿಜ ಹೇಳಬೇಕೆಂದರೆ ನನಗೆ ಚಾ ಅಂದರೆ ಪ್ರಾಣ. ಎರಡು ದಿನದಲ್ಲಿ ಇಡೀ ಊರಿಗೆ ಅದೇ ಕಟ್ಟಳೆಯಾಯಿತು. ನಾವು ಹೋಗಿ ಕೂತ ತಕ್ಷಣ ಎರಡು ಲೋಟ ಬರುತ್ತಿತ್ತು. ಮನೆಯವರು ಒಂದನ್ನು ಸಿಸ್ಟರ್ ಮುಂದಿಟ್ಟು "ತಗೋರಿ ಸಿಸ್ಟರ್" ಎನ್ನುವುದು, ಸಿಸ್ಟರ್ ಅದನ್ನು ಮುಟ್ಟಿ ನನ್ನ ಕಡೆ ಸರಿಸುವುದು, ನಾನು ಕುಡಿಯುವುದು. ನನ್ನ ಪಾಲಿನದು ಹೇಗೂ ನನ್ನದೇ. ಹದಿನೈದು ಮನೆ, ಮೂವತ್ತು ಲೋಟ. ಅವು ಸಣ್ಣ ಲೋಟಗಳು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಬೆಳಿಗ್ಗೆ ಏಳಕ್ಕೆ ಸಿಸ್ಟರ್ ಬರುತ್ತಿದ್ದರು. ಕೆರೆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ನಡೆದರೆ ಎರಡು ಕಿಲೋಮೀಟರ್. ಹೆಗಲಿಗೆ ಲಸಿಕೆಯ ಡಬ್ಬಿ. ಅದರೊಳಗೆ ತೂಕಕ್ಕೆಂದು ಐಸಿನ ಬದಲು ನೀರಿನ ಬಾಟಲಿ. ಮೊದಲ ದಿನ ನಲವತ್ತೊಂದು ನಿಮಿಷ ಹಿಡಿಯಿತು. ಮುಗಿದ ಮೇಲೆ ಸಿಸ್ಟರ್ ತೂಬಿನ ಕಟ್ಟೆಯ ಮೇಲೆ ಕೂತು ಹತ್ತು ನಿಮಿಷ ಸುಧಾರಿಸಿಕೊಂಡರು. ಎರಡನೇ ವಾರ ಆನಂದಪ್ಪಣ್ಣ ಮೊಬೈಲು ಹಿಡಿದು ಏರಿಯ ತುದಿಗೆ ಬಂದು ನಿಂತರು. ಹೊತ್ತು ನೋಡಿ ಹೇಳುತ್ತೇನೆ ಅಂದರು. ನಾಲ್ಕು ದಿನ ನಿಂತು ನೋಡಿದವರು ಐದನೇ ದಿನ ತಾವೂ ಹೆಜ್ಜೆ ಹಾಕಿದರು.

"ಎಂಟು ವರ್ಷ ಹೇಳಿದ್ರೂ ನಡೀದವ್ರು" ಎಂದರು ಸಿಸ್ಟರ್.

"ನೀವು ಹೇಳಿದ್ರಿ, ನಡೀಲಿಲ್ಲ. ಈಗ ನಡೀತಿದೀರಿ, ನಾನೂ ಬಂದೆ" ಎಂದರು ಆನಂದಪ್ಪಣ್ಣ. ಹಾಸ್ಯಕ್ಕೆ ಹೇಳಿದ್ದಲ್ಲ.

ಮಾರ್ಚಿಗೆ ಮೂವತ್ತಮೂರು ನಿಮಿಷ, ಏಪ್ರಿಲ್ ನಡುವಿಗೆ ಇಪ್ಪತ್ತೆಂಟು. ತೂಕ ಎಂಬತ್ತೊಂದಕ್ಕೆ ಇಳಿಯಿತು. ಊರಿಗೆಲ್ಲ ಅದೇ ಸುದ್ದಿ. ಸಿಸ್ಟರ್ ಮುಖ ಸಣ್ಣಗಾಗಿದೆ, ಸಿಸ್ಟರ್ ನಡಿಗೆ ಚುರುಕಾಗಿದೆ. ನನ್ನ ಕಡೆ ನೋಡುವ ಕೆಲಸ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಆ ಬೇಸಿಗೆಯಲ್ಲಿ ನನಗೆ ವಿಪರೀತ ಬಾಯಾರಿಕೆ. ಒಂದು ಕೊಡ ನೀರು ನನಗೊಬ್ಬಳಿಗೇ ಬೇಕಾಗುತ್ತಿತ್ತು. ರವಿಕೆಗಳು ಸಡಿಲವಾದವು. ಏರಿಯ ಮೇಲೆ ಮೂರನೇ ಸುತ್ತಿಗೆ ನಾನೇ ಹಿಂದೆ ಉಳಿಯತೊಡಗಿದೆ. ಬಿಸಿಲು ಎಂದುಕೊಂಡೆ. ಸಿಸ್ಟರ್ ಜೊತೆ ನಡೆದು ನಡೆದು ನಾನೂ ಇಳಿದೆ ಎಂದುಕೊಂಡು ಖುಷಿಯನ್ನೂ ಪಟ್ಟೆ.

ಪರೀಕ್ಷೆಯ ಹಿಂದಿನ ರಾತ್ರಿ ಸಿಸ್ಟರ್ ನಮ್ಮ ಮನೆಯಲ್ಲೇ ಉಳಿದರು. ಬೆಳಿಗ್ಗೆ ಶೇಷಮ್ಮಜ್ಜಿ ಬಸ್ಸಿನವರೆಗೂ ಬಂದರು. ಸಿಸ್ಟರ್ ಕೈಗೆ ಒಂದು ನಿಂಬೆಹಣ್ಣು ಕೊಟ್ಟು, "ಸೋತು ಬಂದ್ರೆ ನಾನೇ ಸೊರಬಕ್ಕೆ ಬಂದು ಆ ಕಂಪ್ಯೂಟರ್ ಮ್ಯಾಲೆ ಕೂತ್ಕಂತೀನಿ" ಎಂದರು. ಶಿಕಾರಿಪುರದಲ್ಲಿ ಇಡ್ಲಿ ತಿಂದು ಬಸ್ಸು ಬದಲಾಯಿಸಿದೆವು. ಸಿಸ್ಟರ್ ಒಂದೇ ಇಡ್ಲಿ ತಿಂದರು. ನಾನು ನಾಲ್ಕು ತಿಂದು ಚಾ ಕುಡಿದೆ.

ಸೊರಬದ ಕಾಲೇಜು ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಈಸೂರು ಕಡೆಯವರು, ಗುಡವಿ ಕಡೆಯವರು, ಎಲ್ಲ ಸೇರಿ ಅರವತ್ತು ಎಪ್ಪತ್ತು ಹೆಂಗಸರು, ಹತ್ತಾರು ಗಂಡಸರು. ಎಲ್ಲರೂ ಊರಿನಲ್ಲಿ ಬೇರೆಯವರ ತೂಕ ನೋಡಿ ಬರೆಯುವವರೇ. ತೂಕದ ಯಂತ್ರದ ಮೇಲೆ ತಾವು ಹತ್ತುವಾಗ ಮಾತ್ರ ಒಬ್ಬೊಬ್ಬರೂ ಚಪ್ಪಲಿ ಬಿಟ್ಟು, ವಾಚು ಬಿಚ್ಚಿ, ಒಬ್ಬರಂತೂ ಕಿವಿಯ ಓಲೆ ತೆಗೆದು ಪಕ್ಕದವರ ಕೈಗೆ ಕೊಟ್ಟರು. ಪರೀಕ್ಷೆ ನಡೆಸುತ್ತಿದ್ದವರು ಮಾನಸ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಗದರುವವರಲ್ಲ, ಆದರೆ ಬಿಡುವವರೂ ಅಲ್ಲ.

ಸಿಸ್ಟರ್ ಬಿಪಿ ನೂರೈವತ್ತಾರು ಬಂತು.

"ಹೆದರಿಕೊಂಡಿದೀರಿ" ಎಂದರು ಡಾಕ್ಟರು. "ಹೋಗಿ ಹತ್ತು ನಿಮಿಷ ಮಾತಾಡದೆ ಕೂತಿದ್ದು ಬನ್ನಿ. ಇನ್ನೊಂದು ಸಲ ನೋಡ್ತೀನಿ. ಆಗಲೂ ಹೀಗೇ ಇದ್ರೆ ನಾನೇನೂ ಮಾಡೋಕಾಗಲ್ಲ."

ಬೇವಿನ ಮರದ ಕೆಳಗೆ ಇಬ್ಬರೂ ಕೂತೆವು. ಮಾತಾಡಬಾರದು ಎಂದು ನನ್ನ ಬಾಯಿಗೆ ನಾನೇ ಸೆರಗು ಒತ್ತಿಕೊಂಡೆ. ಸಿಸ್ಟರ್ ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಏನೋ ದುವಾ ಹೇಳಿಕೊಳ್ಳುತ್ತಿದ್ದರು. ನಾನು ನಮ್ಮ ಮನೆದೇವರಿಗೆ ಕಾಯಿ ಹೇಳಿಕೊಂಡೆ. ಎರಡನೇ ಸಲ ನೂರಮೂವತ್ತೆಂಟು ಬಂತು.

ನಂತರ ನಡಿಗೆ. ಮೈದಾನಕ್ಕೆ ಐದು ಸುತ್ತು. ಮೂರನೇ ಸುತ್ತಿಗೆ ಗುಡವಿ ಕಡೆಯ ಸಿಸ್ಟರೊಬ್ಬರು ಡಬ್ಬಿ ಕೆಳಗಿಟ್ಟು ಹುಲ್ಲಿನ ಮೇಲೆ ಕೂತೇಬಿಟ್ಟರು. "ನನ್ ಕೈಲಿ ಆಗಲ್ಲ ಮಾರಾಯ್ತಿ, ಕಂಪ್ಯೂಟರೇ ಗತಿ" ಎಂದು ನಗಲು ನೋಡಿದರು. ಅವರ ಕಣ್ಣಲ್ಲಿ ನಗು ಇರಲಿಲ್ಲ. ನಮ್ಮ ಸಿಸ್ಟರ್ ಅವರ ಪಕ್ಕದಲ್ಲೇ ಹಾದರು, ತಲೆ ತಗ್ಗಿಸಿಕೊಂಡು, ಡಬ್ಬಿಯ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡು. ನಾನು ಗೆರೆಯ ಹೊರಗಿನಿಂದ ಅವರ ಜೊತೆ ನಡೆಯಲು ಹೋದೆ. ಅರ್ಧ ಸುತ್ತಿಗೆ ಕಣ್ಣಿಗೆ ಕತ್ತಲೆ ಬಂದಂತಾಗಿ ಕಂಬ ಹಿಡಿದು ನಿಂತೆ. ಐದನೇ ಸುತ್ತು ಮುಗಿಸಿ ಸಿಸ್ಟರ್ ಗೆರೆ ದಾಟಿದಾಗ ಇಪ್ಪತ್ತನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.

ನಾನು ಅತ್ತುಬಿಟ್ಟೆ. ಅಷ್ಟು ಜನರ ಎದುರಿಗೆ ಅವರನ್ನು ತಬ್ಬಿಕೊಂಡು, ಬೆವರೋ ಕಣ್ಣೀರೋ ಗೊತ್ತಾಗದಂತೆ ಅತ್ತೆ. ಸಿಸ್ಟರ್ ಏದುಸಿರು ಬಿಡುತ್ತ ನನ್ನ ಬೆನ್ನು ತಟ್ಟಿದರು. ಊರಿಗೆ ಫೋನು ಮಾಡಿದೆ. ಆನಂದಪ್ಪಣ್ಣ "ನನಗೆ ಗೊತ್ತಿತ್ತು, ನಿನ್ನೆ ಇಪ್ಪತ್ತೈದಕ್ಕೆ ಐದು ಸೆಕೆಂಡು ಮಾತ್ರ ಜಾಸ್ತಿ ಆಗಿತ್ತು" ಎಂದರು.

ಹೊರಡುವ ಹೊತ್ತಿಗೆ ಮಾನಸ ಡಾಕ್ಟರು ಕರೆದರು. ಜೊತೆಗೆ ಬಂದ ಆಶಾಗಳೂ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ಹೋಗಲಿ, ಸಾಮಾನೆಲ್ಲ ಇಲ್ಲೇ ಇದೆ ಎಂದರು. ನಾನು ನಕ್ಕೆ.

"ನನಗ್ಯಾಕ್ರಿ ಮೇಡಂ? ನೋಡ್ರಿ ಹೆಂಗಿದೀನಿ."

"ದಿನಾ ಊರಿನವರ ಬೆರಳಿಗೆಲ್ಲ ಚುಚ್ತೀಯಲ್ಲ, ನಿಂದೂ ಕೊಡು" ಎಂದು ಸಿಸ್ಟರ್ ತಾವೇ ನನ್ನ ಕೈ ಎಳೆದುಕೊಂಡು ಸೂಜಿ ಚುಚ್ಚಿದರು. ರಕ್ತದ ಸಕ್ಕರೆ ತೋರಿಸುವ ಯಂತ್ರವನ್ನು ಇಬ್ಬರೂ ನೋಡಿದೆವು. ಮುನ್ನೂರ ಹದಿನೆಂಟು.

ಸಿಸ್ಟರ್ ಇನ್ನೊಂದು ಪಟ್ಟಿ ತೆಗೆದು, ಇನ್ನೊಂದು ಬೆರಳು ಒರೆಸಿ ಮತ್ತೆ ಚುಚ್ಚಿದರು. ಮುನ್ನೂರ ಹನ್ನೊಂದು.

"ಬಾಯಾರಿಕೆ ಐತಾ?" ಎಂದು ಕೇಳಿದರು. ದಿನಾ ನಾನೇ ಮನೆಮನೆಯಲ್ಲಿ ಕೇಳುವ ಪ್ರಶ್ನೆ ಅದು. ಬಾಯಾರಿಕೆ ಇದೆಯಾ, ಸುಸ್ತು ಇದೆಯಾ, ತೂಕ ಇಳಿದಿದೆಯಾ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇತ್ತಾ. ಒಂದೊಂದಕ್ಕೂ ಹೌದು ಎಂದು ತಲೆಯಾಡಿಸಿದೆ. ನಮ್ಮಪ್ಪ ಸತ್ತಿದ್ದು ಅದರಿಂದಲೇ. ಅವರೂ ಕೊನೆಯವರೆಗೆ ಕಡ್ಡಿಯಂತೆಯೇ ಇದ್ದರು.

"ಪ್ರತಿ ವರ್ಷ ಊರೆಲ್ಲಾ ಸಕ್ಕರೆ, ಬಿಪಿ ನೋಡಿ ಪಟ್ಟಿ ಮಾಡ್ತೀವಲ್ಲ ಶಶಿ, ಅದ್ರಲ್ಲಿ ನಿನ್ನ ಹೆಸರಿನ ಮುಂದೆ ಏನೈತೆ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ನಮ್ಮ ಮನೆಯ ಪುಟವನ್ನು ನಾನು ಪ್ರತಿ ವರ್ಷ ಮನೆಯಲ್ಲಿ ಕೂತೇ ತುಂಬುತ್ತಿದ್ದೆ. ಅತ್ತೆಯ ಬೆರಳು ಚುಚ್ಚಿದ್ದೇನೆ, ಗಂಡನದೂ ಚುಚ್ಚಿದ್ದೇನೆ. ನನ್ನ ಹೆಸರು ಬಂದಾಗ ಅಡುಗೆಗೆ ಹೊತ್ತಾಗಿರುತ್ತಿತ್ತು. ಹಿಂದಿನ ವರ್ಷದ್ದನ್ನು ನೋಡಿ ಒಂದು ಅಂಕಿ ಹೆಚ್ಚು ಕಡಿಮೆ ಮಾಡಿ ಬರೆದುಬಿಡುತ್ತಿದ್ದೆ. ಎಲ್ಲಕ್ಕಿಂತ ಹಿಂದಿನ ವರ್ಷದ್ದೂ ನಾನೇ ಊಹಿಸಿ ಬರೆದಿದ್ದು. ಅದನ್ನು ಅವರಿಗೆ ಹೇಳಿದೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನು ಬೀದಿಯಲ್ಲಿ ನಿಲ್ಲಿಸಿ ಬೈಯುತ್ತಿದ್ದೆ.

ಸಿಸ್ಟರ್ ಬೈಯುತ್ತಾರೆ ಎಂದು ಕಾದೆ. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದು ಕೂತರು. ಈಗಷ್ಟೇ ಗೆದ್ದವರ ಮುಖವೇ ಅಲ್ಲ ಅದು.

"ನನ್ನ ಪಾಲಿನದ್ದೂ ಕುಡಿದ್ಯಲ್ಲೇ" ಎಂದರು. "ದಿನಾ ಸರಿಸಿ ಸರಿಸಿ ಕೊಟ್ಟೆ ನಾನು. ಒಂದಿನಾನೂ ನಿನ್ನ ಮುಖ ನೋಡ್ಲಿಲ್ಲ."

"ಚಾದಿಂದ ಬಂದಿದ್ದಲ್ಲ ಸಿಸ್ಟರ್, ನಮ್ಮಪ್ಪಂದು" ಎಂದೆ.

"ಚಾದಿಂದ ಬಂದಿದ್ದಲ್ಲ, ಗೊತ್ತು. ಚಾ ಅದನ್ನ ಮ್ಯಾಲೆ ತಂತು. ಆದ್ರೆ ಹದಿನಾಲ್ಕು ವರ್ಷ ನನ್ನ ಪಕ್ಕ ನಿಂತಿದ್ದವಳ ಬೆರಳನ್ನ ಒಂದು ಸಲನೂ ಮುಟ್ಟಲಿಲ್ಲ ನಾನು. ನೀನು ಸಣ್ಣಗಿದ್ದೆ, ನಾನು ದಪ್ಪ ಇದ್ದೆ. ಎಲ್ಲಾರ ಜೊತೆ ನಾನೂ ನನ್ನನ್ನೇ ನೋಡ್ಕೊಂಡೆ."

ನನಗೆ ಭಯವಾಯಿತು. ಕಾಯಿಲೆಯ ಭಯಕ್ಕಿಂತ ಹೆಚ್ಚಾಗಿ ನಾಚಿಕೆ. ಊರಿನವರಿಗೆ ಯಾವ ಮುಖ ತೋರಿಸಲಿ, ಇವಳೇ ತನ್ನದನ್ನು ನೋಡಿಕೊಳ್ಳದವಳು ನಮಗೇನು ಹೇಳುತ್ತಾಳೆ ಎನ್ನುತ್ತಾರಲ್ಲ ಎಂದೆ.

"ಅನ್ನಲಿ. ನನಗೆ ಇಪ್ಪತ್ತೊಂದು ವರ್ಷ ಅಂದಿಲ್ವಾ?"

ಮಾನಸ ಡಾಕ್ಟರು ಬಂದು ನೋಡಿ ಮಾತ್ರೆ ಬರೆದುಕೊಟ್ಟರು. ನಾಳೆ ಬರೀ ಹೊಟ್ಟೆಯಲ್ಲಿ ಶಿಕಾರಿಪುರದಲ್ಲಿ ಮತ್ತೆ ರಕ್ತ ಕೊಡಲು ಹೇಳಿದರು. ಸರಿಯಾಗಿ ನೋಡಿಕೊಂಡರೆ ಹೆದರುವಂಥದ್ದೇನಿಲ್ಲ ಎಂದರು. ಹೊಸ ರೋಗಿಗೆ ಕೊಡುವ ಹಳದಿ ಕಾರ್ಡೊಂದನ್ನು ಸಿಸ್ಟರ್ ಕೈಗಿಟ್ಟು ಹೋದರು.

ಸಿಸ್ಟರ್ ಪೆನ್ನು ತೆಗೆದರು. ಪಕ್ಕದಲ್ಲಿ ಕೂತ ನನ್ನ ಮುಖ ನೋಡಿ, ಯಾವ ಮನೆಯಲ್ಲಾದರೂ ಕೇಳುವಂತೆ ಕೇಳಿದರು.

"ಹೆಸರು?"

"ಶಶಿರೇಖಾ."

"ವಯಸ್ಸು?"

"ಮೂವತ್ತೊಂಬತ್ತು."

ಒಂದೊಂದೇ ಸಾಲು ತುಂಬಿದರು. ಕೊನೆಯ ಸಾಲು, ವಾರಕ್ಕೊಮ್ಮೆ ಈ ರೋಗಿಯ ಮನೆಗೆ ಹೋಗಿ ನೋಡಬೇಕಾದ ಆಶಾ ಕಾರ್ಯಕರ್ತೆಯ ಹೆಸರು. ನಮ್ಮ ಊರಿನ ನೂರಾರು ಕಾರ್ಡುಗಳಲ್ಲಿ ಅಲ್ಲಿ ನನ್ನ ಹೆಸರೇ ಇದೆ. ಈ ಕಾರ್ಡಿನಲ್ಲಿ ಏನು ಬರೆಯುವುದು ಎಂದು ನನಗೆ ಹೊಳೆಯಲಿಲ್ಲ. ಸಿಸ್ಟರ್ ನಿಧಾನವಾಗಿ, ದುಂಡಗೆ ಬರೆದರು. ಜಾಸ್ಮಿನ್.

"ಅದು ಆಶಾ ಹೆಸರು ಬರೆಯೋ ಜಾಗ ಸಿಸ್ಟರ್."

"ಗೊತ್ತು."

ಪೆನ್ನಿನ ಮುಚ್ಚಳ ಹಾಕಿದರು. ಶಾಮಿಯಾನದ ಆಚೆ, ಹುಲ್ಲಿನ ಮೇಲೆ ಕೂತಿದ್ದ ಗುಡವಿ ಕಡೆಯ ಸಿಸ್ಟರನ್ನು ಒಮ್ಮೆ ನೋಡಿದರು.

"ಆ ಮೂರನೇ ಸುತ್ತಿಗೆ ನಾನೂ ಕೂತಿದ್ರೆ ಇಲ್ಲಿ ನನ್ನ ಹೆಸರು ಬರೆಯೋಕೆ ಆಗ್ತಿರಲಿಲ್ಲ" ಎಂದರು.

ಕಾರ್ಡನ್ನು ನನ್ನ ಕೈಗೆ ಕೊಟ್ಟು, ನನ್ನ ಮೊಣಕೈ ಹಿಡಿದು ಎಬ್ಬಿಸಿದರು. ಶಿಕಾರಿಪುರದ ಬಸ್ಸಿಗೆ ಇನ್ನು ಹತ್ತೇ ನಿಮಿಷವಿತ್ತು.